ಶೋರೂಮಿನಲ್ಲಿ ಮೊದಲು ಮಾರಾಟವಾಗುವುದು ಸಾಲ

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಮಾರುವ ಮಾಲಿನ ಬೆಲೆಯ ಬಗ್ಗೆ ಎಷ್ಟೋ ವರ್ಷಗಳಿಂದ ಮಾತಾಡುತ್ತಾ ಬಂದಿದ್ದೇವೆ. ಭತ್ತಕ್ಕೆ ಎಷ್ಟು, ಮೆಕ್ಕೆಜೋಳಕ್ಕೆ ಎಷ್ಟು, ಮಂಡಿಯಲ್ಲಿ ಸೂಟು ಎಷ್ಟು ಮುರಿದರು, ತೂಕದಲ್ಲಿ ಎಷ್ಟು ಹೊಡೆದರು, ಇದೆಲ್ಲ ನಮಗೆ ಬಾಯಿಪಾಠ. ಕ್ವಿಂಟಲಿಗೆ 2 ಕೆಜಿ ಸೂಟು ಹಿಡಿದರೆ ದಲ್ಲಾಳಿ ಅಂಗಡಿ ಮುಂದೆ ಪಂಚೆ ಎತ್ತಿ ಕಟ್ಟಿ ಜಗಳಕ್ಕೆ ನಿಲ್ಲುವ ನಮ್ಮವರೇ, 7-8 ಲಕ್ಷದ ಟ್ರ್ಯಾಕ್ಟರ್ ಕೊಳ್ಳುವಾಗ ಒಂದು ಕಾಗದವನ್ನೂ ಓದದೆ ಹತ್ತು ಹದಿನೈದು ಕಡೆ ಸಹಿ ಹಾಕಿ, ಹೂವಿನ ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬರುತ್ತಾರೆ. ಮಾರುವಾಗ ಇರುವ ಎಚ್ಚರ ಕೊಳ್ಳುವಾಗ ಎಲ್ಲಿ ಹೋಗುತ್ತದೆ?

ಬ್ಯಾಂಕಿನವರೋ ಫೈನಾನ್ಸಿನವರೋ ಜಪ್ತಿಗೆ ಬಂದರೆ ಊರಿಗೆ ಊರೇ ಸೇರುತ್ತದೆ. ಸೇರಲೇಬೇಕು. ಆದರೆ ಆ ಸಾಲ ಹುಟ್ಟಿದ್ದು ಜಪ್ತಿಗೆ ನಾಲ್ಕೈದು ವರ್ಷ ಮೊದಲು, ಶೋರೂಮಿನ ಗಾಜಿನ ಮೇಜಿನ ಮೇಲೆ. ಆ ಹೊತ್ತು ಅಲ್ಲಿ ಊರು ಇರುವುದಿಲ್ಲ. ರೈತ ಒಬ್ಬನೇ ಕೂತಿರುತ್ತಾನೆ, ಅವನ ಎದುರು ಮೂವರು ಕೂತಿರುತ್ತಾರೆ: ಸೇಲ್ಸ್‌ ಹುಡುಗ, ಫೈನಾನ್ಸ್ ಏಜೆಂಟ್, ವಿಮೆಯವನು. ಆ ಮೇಜಿನ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ನಮ್ಮ ಹಿರಿಯರ ಕಾಲದಲ್ಲಿ ಟ್ರ್ಯಾಕ್ಟರಿಗಾಗಿ ರೈತ ಕಾಯುತ್ತಿದ್ದ. ಬೇಡಿಕೆ ಹೆಚ್ಚು, ಮಾಲು ಕಡಿಮೆ, ಕಾಳಸಂತೆ ಜೋರು. 1971ರಲ್ಲಿ ಕೇಂದ್ರ ಸರ್ಕಾರ ಟ್ರ್ಯಾಕ್ಟರ್ ಹಂಚಿಕೆ ಮತ್ತು ಮಾರಾಟಕ್ಕೇ ಒಂದು ನಿಯಂತ್ರಣ ಆದೇಶ ಹೊರಡಿಸಬೇಕಾಯಿತು. ಈಗ ಕಾಲ ತಿರುಗಿದೆ. 2022–23ನೇ ಸಾಲಿನಲ್ಲಿ ದೇಶದೊಳಗೇ 9 ಲಕ್ಷಕ್ಕೂ ಮೀರಿ ಟ್ರ್ಯಾಕ್ಟರ್ ಮಾರಾಟವಾದವು. ಈಗ ಟ್ರ್ಯಾಕ್ಟರೇ ರೈತನಿಗಾಗಿ ಕಾದು ನಿಂತಿದೆ. ಶೋರೂಮಿನ ಹುಡುಗನಿಗೆ ತಿಂಗಳಿಗೆ ಇಷ್ಟು ಗಾಡಿ ಅಂತ ಗುರಿ ಹಾಕಿರುತ್ತಾರೆ. ಗುರಿ ಮುಟ್ಟದಿದ್ದರೆ ಅವನ ಸಂಬಳಕ್ಕೆ ಕತ್ತರಿ. ಆ ಹುಡುಗನೂ ನಮ್ಮ ಹಳ್ಳಿಯವನೇ, ನಮ್ಮ ಯಾರದೋ ಮಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು "ಯಜಮಾನ್ರೇ, ನಿಮಗೋಸ್ಕರ ಮ್ಯಾನೇಜರ್ ಹತ್ರ ಜಗಳ ಆಡಿ ರೇಟ್ ಇಳಿಸಿದೀನಿ" ಎಂದರೆ ಅದನ್ನು ನಂಬಬೇಡಿ. ಜಗಳ ಆಡುವುದಕ್ಕೆ ಅವನಿಗೆ ಸಂಬಳ ಕೊಡುವವರು ಬೇರೆ.

ದನದ ಜಾತ್ರೆ ನೆನೆಸಿಕೊಳ್ಳಿ. ಎತ್ತಿನ ಹಲ್ಲು ಹಿಡಿದು ನೋಡುತ್ತೇವೆ, ಸುಳಿ ನೋಡುತ್ತೇವೆ, ಹತ್ತು ಹೆಜ್ಜೆ ನಡೆಸಿ ನೋಡುತ್ತೇವೆ, ನೊಗ ಕಟ್ಟಿ ನೋಡುತ್ತೇವೆ. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಮಾತಾಡಿದರೆ, ಆ ಬೆರಳಿನ ಲೆಕ್ಕ ನಮಗೂ ಗೊತ್ತಿರುತ್ತದೆ. ಶೋರೂಮಿನಲ್ಲೂ ಟವೆಲ್ ವ್ಯಾಪಾರವೇ. ವ್ಯತ್ಯಾಸ ಏನೆಂದರೆ ಇಲ್ಲಿ ಬೆರಳಿನ ಲೆಕ್ಕ ಅವರಿಗೆ ಮಾತ್ರ ಗೊತ್ತು.

ಮೊದಲು ಬೆಲೆಯ ವಿಷಯ. ಬೋರ್ಡಿನ ಮೇಲೆ, ಕರಪತ್ರದ ಮೇಲೆ ಒಂದು ಬೆಲೆ ಹಾಕಿರುತ್ತಾರೆ. ಅದು ಶೋರೂಮ್ ಬೆಲೆ. ನೀವು ಕಟ್ಟುವುದು ರಸ್ತೆಗೆ ಇಳಿಯುವ ಬೆಲೆ, ಅಂದರೆ ಆನ್‌ರೋಡ್. ಈ ಎರಡರ ನಡುವಿನ ಕಂದಕದಲ್ಲೇ ಅರ್ಧ ಮೋಸ ಇರುವುದು. ನೋಂದಣಿ, ವಿಮೆ, ಅದರ ಜೊತೆಗೆ "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಫೈಲ್ ಚಾರ್ಜ್", "ಆರ್‌ಟಿಒ ಖರ್ಚು" ಅಂತ ಒಂದು ಸಾಲು. ಏನ್ರಿ ಇದು ಆರ್‌ಟಿಒ ಖರ್ಚು? ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಶುಲ್ಕ ಇಷ್ಟೇ ಎಂದು ಬರೆದಿಟ್ಟಿದ್ದಾರೆ. 2016ರ ಡಿಸೆಂಬರಿನ ಪರಿಷ್ಕರಣೆಯಂತೆ ಸ್ವಂತ ಬಳಕೆಯ ಲಘು ವಾಹನದ ನೋಂದಣಿ ಶುಲ್ಕ 600 ರೂಪಾಯಿ, ಸಾಲದ ಹೈಪೋತಿಕೇಶನ್ ನಮೂದಿಸಲು 1,500 ರೂಪಾಯಿ. ಕೃಷಿ ಟ್ರ್ಯಾಕ್ಟರ್ ಈ ಲಘು ವಾಹನದ ವ್ಯಾಖ್ಯೆಯಲ್ಲೇ ಬರುತ್ತದೆ. ರಾಜ್ಯದ ತೆರಿಗೆ, ಕಾರ್ಡಿನ ಶುಲ್ಕ ಏನಿದ್ದರೂ ಅದಕ್ಕೂ ಸರ್ಕಾರಿ ರಸೀದಿ ಬರುತ್ತದೆ. ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡಿ. ರಸೀದಿ ಇಲ್ಲದ ಹಣ ಆರ್‌ಟಿಒಗೆ ಹೋಗುವುದಿಲ್ಲ, ಹೋದರೂ ಅದು ಶುಲ್ಕವಲ್ಲ, ಅದರ ಹೆಸರು ನಿಮಗೇ ಗೊತ್ತು.

ತೆರಿಗೆಯ ವಿಷಯದಲ್ಲಿ ಇನ್ನೊಂದು. 2017ರಿಂದ ಟ್ರ್ಯಾಕ್ಟರ್ ಮೇಲೆ ಶೇಕಡಾ 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇಕಡಾ 5ಕ್ಕೆ ಇಳಿಸಿದರು. ತೆರಿಗೆ ಬಿಟ್ಟು ಮೂಲಬೆಲೆ 6 ಲಕ್ಷದ ಗಾಡಿ ಎನ್ನಿ. ಹಳೆಯ ಲೆಕ್ಕದಲ್ಲಿ ತೆರಿಗೆ 72,000, ಹೊಸ ಲೆಕ್ಕದಲ್ಲಿ 30,000. ನಡುವಿನ 42,000 ರೂಪಾಯಿ ರೈತನ ಜೇಬಿಗೆ ಬರಬೇಕಾದ್ದು. ಮೂಲಬೆಲೆಯನ್ನೇ ಸದ್ದಿಲ್ಲದೆ ಏರಿಸಿ, ಅಥವಾ ಮೊದಲು ಕೊಡುತ್ತಿದ್ದ ರಿಯಾಯಿತಿಯನ್ನು ಹಿಂತೆಗೆದುಕೊಂಡು "ತೆರಿಗೆ ಇಳಿದಿದೆ ನೋಡಿ" ಎಂದು ತೋರಿಸುವುದು ಸುಲಭ. ಅದಕ್ಕೇ ಹೇಳುತ್ತೇನೆ, ಕೊಟೇಶನ್ ಕೇಳುವಾಗ ಮೂಲಬೆಲೆ ಬೇರೆ, ತೆರಿಗೆ ಬೇರೆ, ರಿಯಾಯಿತಿ ಬೇರೆ ಬರೆಸಿಕೊಳ್ಳಿ. ಅದೇ ಮಾದರಿಗೆ ಇನ್ನೆರಡು ಊರಿನ ಶೋರೂಮುಗಳಿಂದಲೂ ಬರೆಸಿಕೊಳ್ಳಿ. ಬಸ್ಸಿನ ಚಾರ್ಜು ದಂಡವಾಗುವುದಿಲ್ಲ.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ಬಿಡುವುದಿಲ್ಲ ಎನ್ನುತ್ತಾರೆ. ಸುಳ್ಳು. ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯಬಾರದು ಎಂಬುದು ಕಾನೂನು. ಯಾರ ಹತ್ತಿರ ಮಾಡಿಸಬೇಕು ಎಂಬುದು ನಿಮ್ಮ ಇಷ್ಟ. ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಡೀಲರುಗಳ ವಿಮಾ ವ್ಯವಹಾರಕ್ಕೆಂದೇ ಮಾರ್ಗಸೂಚಿ ಹೊರಡಿಸಿ, ಗ್ರಾಹಕನ ಆಯ್ಕೆಯನ್ನು ಡೀಲರ್ ಕಸಿದುಕೊಳ್ಳಬಾರದು ಎಂದಿದೆ. ಹೊರಗೆ ಒಂದೆರಡು ವಿಮಾ ಕಂಪನಿಗಳ ದರ ಕೇಳಿ ಬನ್ನಿ, ಶೋರೂಮಿನ ದರ ತಾನಾಗಿ ಇಳಿಯುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ, ಬಡ್ಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಬೇಕಾದರೆ ಬೀಡಿ ಕಟ್ಟಿನ ಹಿಂದೆಯಾದರೂ ಬರೆದುಕೊಳ್ಳಿ.

ಫೈನಾನ್ಸ್ ಏಜೆಂಟ್ ಹೇಳುತ್ತಾನೆ: "ಬಡ್ಡಿ ಬರೀ ಹತ್ತು ಪರ್ಸೆಂಟು ಗೌಡ್ರೇ." ನೀವು 6 ಲಕ್ಷ ಸಾಲ ತೆಗೆದುಕೊಂಡಿರಿ ಎನ್ನಿ. 5 ವರ್ಷ, ಆರು ತಿಂಗಳಿಗೊಂದು ಕಂತು, ಒಟ್ಟು 10 ಕಂತು. ಅವನ ಲೆಕ್ಕ ಹೀಗೆ: 6 ಲಕ್ಷಕ್ಕೆ ವರ್ಷಕ್ಕೆ 60,000 ಬಡ್ಡಿ, 5 ವರ್ಷಕ್ಕೆ 3 ಲಕ್ಷ. ಅಸಲು ಬಡ್ಡಿ ಸೇರಿ 9 ಲಕ್ಷ. ಹತ್ತರಿಂದ ಭಾಗಿಸಿದರೆ ಕಂತಿಗೆ 90,000. ಕೇಳಲು ಸರಳ. ಇದಕ್ಕೆ ಫ್ಲಾಟ್ ಬಡ್ಡಿ ಎನ್ನುತ್ತಾರೆ.

ಮೋಸ ಎಲ್ಲಿದೆ? ಪ್ರತಿ ಕಂತಿನಲ್ಲೂ ನೀವು 60,000 ಅಸಲು ತೀರಿಸುತ್ತಾ ಬರುತ್ತೀರಿ, 30,000 ಬಡ್ಡಿ ಕೊಡುತ್ತಾ ಬರುತ್ತೀರಿ. ಒಂಬತ್ತು ಕಂತು ಮುಗಿದ ಮೇಲೆ ನಿಮ್ಮ ಮೇಲೆ ಉಳಿದಿರುವ ಅಸಲು ಬರೀ 60,000. ಆ 60,000 ರೂಪಾಯಿಗೆ ಕೊನೆಯ ಆರು ತಿಂಗಳಿಗೆ ನೀವು ಕೊಡುವ ಬಡ್ಡಿಯೂ ಅದೇ 30,000! ಅಂದರೆ ನೂರಕ್ಕೆ ತಿಂಗಳಿಗೆ 8 ರೂಪಾಯಿಗೂ ಮೇಲೆ. ಊರಿನ ಲೇವಾದೇವಿಯವ ನೂರಕ್ಕೆ 3 ರೂಪಾಯಿ ಕೇಳಿದರೆ ರಕ್ತ ಹೀರುತ್ತಾನೆ ಎಂದು ಬೈಯುತ್ತೇವೆ. ಇಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಅವನು ಕೊಟ್ಟ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಬರುತ್ತೇವೆ.

ಮೊದಮೊದಲ ಕಂತುಗಳಲ್ಲಿ ಉಳಿದ ಅಸಲು ದೊಡ್ಡದಿರುತ್ತದೆ, ಆದ್ದರಿಂದ ಒಟ್ಟಾರೆ ಹಿಡಿದರೆ ಅಷ್ಟು ಬರುವುದಿಲ್ಲ, ನಿಜ. ಸರಿಯಾಗಿ ಲೆಕ್ಕ ಹಾಕಿದರೆ ಈ "ಹತ್ತು ಪರ್ಸೆಂಟ್" ಸಾಲ ನಿಜವಾಗಿ ವರ್ಷಕ್ಕೆ ಶೇಕಡಾ 16ಕ್ಕೂ ಮೇಲಿನದು. ಅದೇ ಶೇಕಡಾ 10ನ್ನು ಇಳಿಯುವ ಬಾಕಿಯ ಮೇಲೆ, ಅಂದರೆ ಉಳಿದ ಅಸಲಿಗೆ ಮಾತ್ರ ಹಾಕಿದ್ದರೆ ಕಂತು ಸುಮಾರು 77,700 ರೂಪಾಯಿ, ಹತ್ತು ಕಂತಿಗೆ ಒಟ್ಟು 7 ಲಕ್ಷ 77 ಸಾವಿರ. ಎರಡಕ್ಕೂ ವ್ಯತ್ಯಾಸ 1 ಲಕ್ಷ 23 ಸಾವಿರ. 2025–26ರ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ಬೆಲೆ ಪೂರಾ ನಿಮ್ಮ ಕೈಗೆ ಬಂತು ಎಂದೇ ಇಟ್ಟುಕೊಳ್ಳಿ (ಎಷ್ಟು ಜನರಿಗೆ ಬಂತು ಎಂಬುದು ಬೇರೆ ಮಾತು). ಆ ಒಂದೇ ಒಂದು ಪದ, "ಫ್ಲಾಟ್" ಎಂಬ ಪದ, ನಿಮ್ಮ ಕಣಜದಿಂದ 52 ಕ್ವಿಂಟಲ್ ಭತ್ತ ಹೊತ್ತುಕೊಂಡು ಹೋಯಿತು. ಕ್ವಿಂಟಲಿಗೆ 2 ಕೆಜಿ ಸೂಟಿಗೆ ಜಗಳ ಆಡುವ ನಾವು 52 ಕ್ವಿಂಟಲಿಗೆ ಸುಮ್ಮನಿರುವುದೇ?

ಇದಕ್ಕೆ ಮದ್ದು ಇದೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಒಂದು ಸುತ್ತೋಲೆ ಹೊರಡಿಸಿತು. 2024ರ ಅಕ್ಟೋಬರ್ 1ರ ನಂತರ ವ್ಯಕ್ತಿಗಳಿಗೆ ಕೊಡುವ ಹೊಸ ಅವಧಿ ಸಾಲಗಳಿಗೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಕಾಗದ ಕೊಡಬೇಕು. ಸಾಲದ ಮುಖ್ಯ ಸಂಗತಿಗಳ ಪಟ್ಟಿ ಅದು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಸುತ್ತೋಲೆಯೇ ಹೇಳುತ್ತದೆ. ಕನ್ನಡದಲ್ಲಿ ಕೇಳಿ, ಅದು ಭಿಕ್ಷೆಯಲ್ಲ. ಅದರಲ್ಲಿ ಎಪಿಆರ್ ಎಂದು ಒಂದು ಅಂಕಿ ಇರುತ್ತದೆ. ಬಡ್ಡಿ, ಪ್ರೋಸೆಸಿಂಗ್ ಶುಲ್ಕ, ಸಾಲಕ್ಕೆ ಅಂಟಿಸಿದ ವಿಮೆ, ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಏಜೆಂಟನ ಬಾಯಿಯಲ್ಲಿ 10, ಆ ಕಾಗದದಲ್ಲಿ 17 ಎಂದಿದ್ದರೆ ಅಲ್ಲಿಗೆ ಮುಗಿಯಿತು, ಏಳಿ. ಆ ಪಟ್ಟಿಯಲ್ಲಿ ಇಲ್ಲದ ಯಾವ ಶುಲ್ಕವನ್ನೂ ಆಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಇನ್ನೊಂದು ಸಂಗತಿ, ಆ ಪತ್ರ ಕೊಟ್ಟ ಮೇಲೆ ಯೋಚಿಸಲು ಕನಿಷ್ಠ 3 ಕೆಲಸದ ದಿನ ನಿಮಗೆ ಕೊಡಬೇಕು. "ಆಫರ್ ಇವತ್ತಿಗೇ ಕೊನೆ, ಈಗಲೇ ಸಹಿ ಹಾಕಿ" ಎನ್ನುವವನಿಗೆ ಹೇಳಿ: ತಮ್ಮಾ, ನನಗೆ 3 ದಿನ ಟೈಮ್ ರಿಸರ್ವ್ ಬ್ಯಾಂಕೇ ಕೊಟ್ಟಿದೆ.

ಆಯುಧಪೂಜೆ, ದೀಪಾವಳಿ, ಯುಗಾದಿಗೆ ಈ "ಇವತ್ತೇ ಕೊನೆ" ಜೋರಾಗಿ ಕೇಳುತ್ತದೆ. ಹಬ್ಬ ವರ್ಷಾ ಬರುತ್ತದೆ.

ಸಾಲ ಕೊಡಿಸಿದ್ದಕ್ಕೆ ಶೋರೂಮಿಗೆ ಫೈನಾನ್ಸ್ ಕಂಪನಿಯಿಂದ ಕಮಿಷನ್ ಬರುತ್ತದೆ ಎಂಬುದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ನಗದು ಕೊಟ್ಟು ಕೊಳ್ಳುತ್ತೇನೆ ಎಂದವನ ಮುಖ ನೋಡಿ ಅವರ ನಗು ಯಾಕೆ ಬಾಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಗಾಡಿಯ ಮೇಲೆ 15,000 ಬಿಟ್ಟಂತೆ ಮಾಡಿ ಸಾಲದ ಮೇಲೆ ಅದರ ಹತ್ತರಷ್ಟು ಎಳೆದುಕೊಳ್ಳಬಹುದು. ಅದಕ್ಕೇ ಸಾಲದ ಮಾತನ್ನು ಶೋರೂಮಿನಲ್ಲಿ ಶುರು ಮಾಡಲೇಬೇಡಿ. ಮೊದಲು ನಿಮ್ಮೂರ ಬ್ಯಾಂಕಿಗೆ, ಸೊಸೈಟಿಗೆ, ತಾಲ್ಲೂಕಿನ ಪಿಎಲ್‌ಡಿ ಬ್ಯಾಂಕಿಗೆ ಹೋಗಿ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲವನ್ನು ಶೇಕಡಾ 3 ಬಡ್ಡಿಯಲ್ಲಿ ಕೊಡುವ ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ಅದರಲ್ಲಿ ಯಂತ್ರಕ್ಕೆ ನಿಮಗೆ ಸಿಗುತ್ತದೋ, ಎಷ್ಟು ಸಿಗುತ್ತದೋ, ಕಾರ್ಯದರ್ಶಿಯನ್ನು ಕೇಳಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಸಿಗದಿದ್ದರೆ ಆಮೇಲೆ ಫೈನಾನ್ಸ್ ಇದ್ದೇ ಇದೆ, ಅದೇನು ಓಡಿ ಹೋಗುವುದಿಲ್ಲ.

ಖಾಲಿ ಕಾಗದದ ಸಹಿ. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. "ಎಲ್ಲ ನಾವೇ ತುಂಬುತ್ತೇವೆ, ನೀವು ಇಂಟು ಗುರುತು ಇರುವ ಕಡೆ ಸಹಿ ಹಾಕಿ." ನಮ್ಮ ಪಕ್ಕದ ಊರಿನ ರೈತರೊಬ್ಬರು, ನಾಲ್ಕೂವರೆ ಎಕರೆ ಹಿಡುವಳಿದಾರರು, ಹೀಗೆ ಸಹಿ ಹಾಕಿ ಬಂದರು. ವರ್ಷದ ಮೇಲೆ ಮಗಳ ಮದುವೆಗೆ ಬೆಳೆ ಸಾಲ ತರಲೆಂದು ಪಹಣಿ ತೆಗೆಸಿದರೆ 11ನೇ ಕಾಲಮ್ಮಿನಲ್ಲಿ ಟ್ರ್ಯಾಕ್ಟರ್ ಸಾಲದ ಋಣ ಕೂತಿತ್ತು, ಅದೂ ಅವರು ತೆಗೆದುಕೊಂಡೆ ಎಂದುಕೊಂಡದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ. ಹೆಚ್ಚಿನದು ಏನೆಂದು ಕೆದಕಿದರೆ ರೋಟವೇಟರ್, ಕೇಜ್ ವೀಲ್, ಒಂದು ಜೀವವಿಮೆ. ಕೇಜ್ ವೀಲ್ ಅವರ ಮನೆಗೆ ಬಂದೇ ಇರಲಿಲ್ಲ. ನಾನೂ ಇನ್ನಿಬ್ಬರೂ ಅವರ ಜೊತೆ ಹೋಗಿ ಶೋರೂಮಿನಲ್ಲಿ ಇಡೀ ದಿನ ಕೂತೆವು. ಸಂಜೆ ಐದಕ್ಕೆ ಕೇಜ್ ವೀಲ್ ಬಂತು. ವಿಮೆಯ ಹಣ ಮಾತ್ರ ಬರಲಿಲ್ಲ, ಅವಧಿ ಮೀರಿತ್ತು. ಜೀವವಿಮೆ ಪಾಲಿಸಿ ಬೇಡವಾದರೆ ಅದು ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಬಹುದು ಎಂದು 2024ರ ವಿಮಾ ನಿಯಮ ಹೇಳುತ್ತದೆ. ಪಾಲಿಸಿ ಇದೆ ಎಂಬುದೇ ಗೊತ್ತಿಲ್ಲದವನು ಏನು ಹಿಂದಿರುಗಿಸುತ್ತಾನೆ?

ಆದ್ದರಿಂದ ಖಾಲಿ ಜಾಗ ಇರುವ ಯಾವ ಹಾಳೆಗೂ ಸಹಿ ಬೇಡ. ತುಂಬಲು ಏನೂ ಇಲ್ಲದಿದ್ದರೆ ಅಡ್ಡ ಗೆರೆ ಎಳೆದು ಸಹಿ ಹಾಕಿ. ಸಹಿ ಹಾಕಿದ ಪ್ರತಿ ಹಾಳೆಯ ಪ್ರತಿ ಕೇಳಿ, ಇಲ್ಲವೇ ಮೊಬೈಲಿನಲ್ಲಿ ಅಲ್ಲೇ ಫೋಟೋ ಹಿಡಿಯಿರಿ. ಓದಿದ ಮಗನೋ ಮಗಳೋ ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಶೋರೂಮಿನವರು ಹೆಣ್ಣುಮಕ್ಕಳನ್ನು ಕಂಡರೆ ಕೂಲ್‌ಡ್ರಿಂಕ್ಸ್ ಕೊಟ್ಟು ಪಕ್ಕಕ್ಕೆ ಕೂರಿಸುತ್ತಾರೆ, ಅದಕ್ಕೆ ಬಗ್ಗಬೇಡಿ. ನಾನು ನೋಡಿರುವ ಮಟ್ಟಿಗೆ ಕಾಗದದ ಕೊನೆಯ ಸಾಲಿನವರೆಗೆ ಓದುವವರು ಅವರೇ.

ಹಳೆಯ ಗಾಡಿಯ ಎಕ್ಸ್‌ಚೇಂಜ್ ಬಗ್ಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೆ ಟ್ರ್ಯಾಕ್ಟರಿಗೆ ಕಡಿಮೆ ಬೆಲೆ ಕಟ್ಟುತ್ತಾರೆ ಎಂಬುದು ಚಿಕ್ಕ ನಷ್ಟ. ದೊಡ್ಡ ಅಪಾಯ ಆರ್‌ಸಿ ಪುಸ್ತಕದಲ್ಲಿದೆ. ನಿಮ್ಮಿಂದ ವರ್ಗಾವಣೆಯ 29, 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿಸಿಕೊಂಡು ಗಾಡಿ ಇಟ್ಟುಕೊಳ್ಳುತ್ತಾರೆ. ಆ ಗಾಡಿ ಕೈಯಿಂದ ಕೈಗೆ ಹೋಗುತ್ತದೆ, ಹೆಸರು ಮಾತ್ರ ನಿಮ್ಮದೇ. ಮೂರು ಜಿಲ್ಲೆ ಆಚೆ ಅದು ಯಾರಿಗೋ ಗುದ್ದಿದರೆ ಪರಿಹಾರದ ನೋಟೀಸು ಬರುವುದು ನಿಮ್ಮ ಮನೆಗೆ. ಇದು ಹೆದರಿಸುವ ಮಾತಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಮೊಕದ್ದಮೆಯಲ್ಲಿ, ವಾಹನ ಎಷ್ಟೇ ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಎಂದು ತೀರ್ಪು ಕೊಟ್ಟಿದೆ. 2023ರ ಏಪ್ರಿಲ್ 1ರಿಂದ ಒಂದು ದಾರಿ ಆಗಿದೆ. ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆದ ಹಳೆ ವಾಹನ ವ್ಯಾಪಾರಿಗೆ ಗಾಡಿ ಒಪ್ಪಿಸುವಾಗ 29ಸಿ ಎಂಬ ನಮೂನೆಯಲ್ಲಿ ಆರ್‌ಟಿಒಗೆ ತಿಳಿಸಿದರೆ, ಅಲ್ಲಿಂದ ಮುಂದೆ ಹೊಣೆ ಆ ವ್ಯಾಪಾರಿಯದು. ಶೋರೂಮಿನವರ ಹತ್ತಿರ ಆ ಅಧಿಕೃತ ಪತ್ರ ಇದೆಯೇ ಕೇಳಿ. ಇಲ್ಲ ಎಂದರೆ ಹೊಸ ಮಾಲೀಕನ ಹೆಸರಿಗೆ ಆರ್‌ಸಿ ಆಗುವವರೆಗೂ ಗಾಡಿ ನಿಮ್ಮ ಕೊಟ್ಟಿಗೆಯಲ್ಲೇ ಇರಲಿ.

ಕೊಳ್ಳಲು ಹಿಂಜರಿಯುವ ರೈತನಿಗೆ ಅವರು ಬೀಸುವ ಬಲೆ ಬಾಡಿಗೆಯದು. "ನಿಮ್ಮ ಹೊಲದ ಕೆಲಸ ಮುಗಿಸಿ ಬಾಡಿಗೆ ಓಡಿಸಿ ಯಜಮಾನ್ರೇ, ಕಂತು ಗಾಡಿಯೇ ದುಡಿದು ಕಟ್ಟುತ್ತೆ." ಕೃಷಿ ಎಂಜಿನಿಯರುಗಳು ಟ್ರ್ಯಾಕ್ಟರಿನ ಖರ್ಚು ಲೆಕ್ಕ ಹಾಕುವಾಗ ವರ್ಷಕ್ಕೆ 1,000 ಗಂಟೆ ಕೆಲಸ, 10 ವರ್ಷ ಆಯುಸ್ಸು ಎಂದು ಹಿಡಿಯುತ್ತಾರೆ. ಐದು ಎಕರೆಯವನ ಸ್ವಂತ ಕೆಲಸ ಎಕರೆಗೆ ವರ್ಷಕ್ಕೆ 10 ಗಂಟೆ ಎಂದರೂ 50 ಗಂಟೆ. ಉಳಿದ 950 ಗಂಟೆ ಬಾಡಿಗೆಯಿಂದ ಬರಬೇಕು. ಊರಿನಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರ್ ನಿಂತಿವೆ ಎಂದು ಎಣಿಸಿ, ಆ 950 ಗಂಟೆಯನ್ನು ಎಷ್ಟು ಜನ ಹಂಚಿಕೊಳ್ಳಬೇಕು ಎಂದು ನೀವೇ ಭಾಗಿಸಿ ನೋಡಿ. ಶೋರೂಮಿನವನು ನಿಮಗೆ ಹೇಳಿದ ಈ ಮಾತನ್ನೇ ನಿಮ್ಮ ಪಕ್ಕದ ಮನೆಯವನಿಗೂ ಹೇಳಿ ಗಾಡಿ ಕೊಟ್ಟಿದ್ದಾನೆ.

ಅಷ್ಟೇ ಅಲ್ಲ. ಟ್ರೈಲರ್ ಕಟ್ಟಿ ಇಟ್ಟಿಗೆ, ಮರಳು, ಜಲ್ಲಿ ಹೊಡೆಯುವುದು ಬೇಸಾಯವಲ್ಲ. 2005ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ಟ್ರೈಲರ್ ಕಟ್ಟಿಕೊಂಡು ಸರಕು ಸಾಗಿಸುವ ಟ್ರ್ಯಾಕ್ಟರ್ ಸರಕು ವಾಹನವೇ, ಅದಕ್ಕೆ ಪರ್ಮಿಟ್ ಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಕೃಷಿ ಬಳಕೆ ಎಂದು ವಿಮೆ ಮಾಡಿಸಿ ಇಟ್ಟಿಗೆ ಹೇರಿಕೊಂಡು ಅಪಘಾತ ಮಾಡಿದರೆ ವಿಮಾ ಕಂಪನಿ ಕೈ ಎತ್ತುತ್ತದೆ. ಟ್ರ್ಯಾಕ್ಟರಿಗೆ ಇರುವುದು ಚಾಲಕನ ಸೀಟು ಒಂದೇ, ಮಡ್‌ಗಾರ್ಡ್ ಮೇಲೆ ಕೂತವನಿಗೆ ಏನಾದರೂ ಆದರೆ ಆ ಹೊರೆಯೂ ಮಾಲೀಕನ ತಲೆಗೆ. ಈ ಮಾತನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಟ್ರೈಲರಿಗೂ ನೋಂದಣಿ, ವಿಮೆ ಬೇಕು ಎಂಬುದನ್ನೂ ಹೇಳುವುದಿಲ್ಲ.

ಎಚ್‌ಪಿ ಬಗ್ಗೆ ಎರಡು ಮಾತು. 50 ಎಚ್‌ಪಿ ಎಂದು ಬಾನೆಟ್ಟಿನ ಮೇಲೆ ದೊಡ್ಡದಾಗಿ ಹೇಳುವುದು ಎಂಜಿನ್ನಿನ ಶಕ್ತಿ. ರೋಟವೇಟರ್ ತಿರುಗಿಸುವುದು ಪಿಟಿಒ ಶಕ್ತಿ, ಅದು ಅದಕ್ಕಿಂತ ಕಡಿಮೆ. ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಕೇಂದ್ರ ಮಧ್ಯಪ್ರದೇಶದ ಬುದನಿಯಲ್ಲಿದೆ, ಯಂತ್ರಗಳ ತರಬೇತಿ ಮತ್ತು ಪರೀಕ್ಷೆಗೆ ದಕ್ಷಿಣದ ಸಂಸ್ಥೆ ನಮ್ಮ ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಪರೀಕ್ಷೆ ಮಾಡಿದ ಮಾದರಿಗಳಿಗೆ ವರದಿ ಇರುತ್ತದೆ, ಪಿಟಿಒ ಶಕ್ತಿ, ಡೀಸೆಲ್ ಬಳಕೆ ಅದರಲ್ಲಿ ಬರೆದಿರುತ್ತದೆ. "ಗಂಟೆಗೆ ಮೂರು ಲೀಟರ್ ಕುಡಿಯುತ್ತೆ ಅಷ್ಟೇ" ಎಂದು ಹುಡುಗ ಹೇಳಿದರೆ, ಪರೀಕ್ಷಾ ವರದಿ ತೋರಿಸಪ್ಪಾ ಎನ್ನಿ.

ಹಳೆಯ ಸ್ಟಾಕನ್ನು ಹೊಸದೆಂದು ಮಾರುವುದು ಎಲ್ಲ ವಾಹನದಲ್ಲೂ ಇದೆ. ಗೋವಾದಲ್ಲಿ ಒಬ್ಬ ಗ್ರಾಹಕ 2011ರ ಮಾದರಿಗೆಂದು ದುಡ್ಡು ಕೊಟ್ಟರೆ, ಡೀಲರ್ ಕೊಟ್ಟದ್ದು 2009ರಲ್ಲಿ ತಯಾರಾದ, ಆಗಲೇ ನೂರಾರು ಕಿಲೋಮೀಟರ್ ಓಡಿದ ಕಾರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ತೀರ್ಪಿನಲ್ಲಿ ಕೋರ್ಟು, ಈ ಮೋಸ ಕಾರು ತಯಾರಕ ಕಂಪನಿಗೆ ಗೊತ್ತಿತ್ತು ಎಂದು ಸಾಬೀತಾಗಿಲ್ಲ, ಆದ್ದರಿಂದ ಹೊಣೆ ಡೀಲರನದು ಎಂದಿತು. ಅಂದರೆ ದೊಡ್ಡ ಕಂಪನಿಯ ಹೆಸರು ನಂಬಿ ಕೂತರೆ ಆಗದು, ನಮ್ಮ ವ್ಯವಹಾರ ಇರುವುದು ಎದುರಿಗೆ ಕೂತ ಡೀಲರನೊಂದಿಗೆ. ಟ್ರ್ಯಾಕ್ಟರಿನಲ್ಲಿ ಕಿಲೋಮೀಟರ್ ಬದಲು ಗಂಟೆಯ ಮೀಟರ್ ನೋಡಿ. ಊರೂರು ಡೆಮೋ ಮಾಡಿ ತಿರುಗಿದ ಗಾಡಿಗೆ ಬಣ್ಣ ಒರೆಸಿ ಕೊಡುವುದುಂಟು, ಕ್ಲಚ್ ಪೆಡಲಿನ ರಬ್ಬರು, ಹಿಂದಿನ ಚಕ್ರದ ಗುಂಡಿಗಳು ಸುಳ್ಳು ಹೇಳುವುದಿಲ್ಲ. ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ, 21ನೇ ನಮೂನೆ, ಅದರಲ್ಲಿ ಗಾಡಿ ತಯಾರಾದ ತಿಂಗಳು ವರ್ಷ ಬರೆಯಲೇಬೇಕು. ಅದನ್ನು ಹಣ ಕಟ್ಟಿದ ಮೇಲಲ್ಲ, ಕಟ್ಟುವ ಮುಂಚೆ ಚಾಸಿಸ್ ನಂಬರಿನ ಜೊತೆ ತಾಳೆ ನೋಡಿ.

"ಪಿಎಂ ಕಿಸಾನ್ ಟ್ರ್ಯಾಕ್ಟರ್ ಯೋಜನೆ, ಅರ್ಧ ಬೆಲೆ ಸಬ್ಸಿಡಿ, ಅರ್ಜಿಗೆ ಮುಂಗಡ ಕಟ್ಟಿ" ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಅಂಥ ಯೋಜನೆ ಇಲ್ಲ, ಅದು ಸುಳ್ಳು ಎಂದು ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯೇ ಹೇಳಿದೆ. ನಿಜವಾದ ಸಹಾಯಧನ ಏನಿದ್ದರೂ ರೈತ ಸಂಪರ್ಕ ಕೇಂದ್ರದಲ್ಲಿ ಗೊತ್ತಾಗುತ್ತದೆ.

ಇಷ್ಟಾಗಿಯೂ ಮೋಸ ಆದರೆ? ನಮ್ಮವರು ತಲೆ ಮೇಲೆ ಟವೆಲ್ ಹಾಕಿಕೊಂಡು ಮನೆಯಲ್ಲಿ ಕೂರುತ್ತಾರೆ, ಊರವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂದು. ಮರ್ಯಾದೆ ಹೋಗಬೇಕಾದ್ದು ಮೋಸ ಮಾಡಿದವನದು. ಮೊದಲು ಡೀಲರನಿಗೆ ಬರಹದಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 1915 ನಂಬರಿಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಾಗುತ್ತದೆ. ಸಾಲದ ಬಡ್ಡಿ, ಶುಲ್ಕದ ತಕರಾರಾದರೆ ಸಾಲ ಕೊಟ್ಟವರಿಗೆ ಬರೆದು, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಖರ್ಚಿಲ್ಲ. ಕಂತು ತಪ್ಪಿದರೆ ಗೂಂಡಾಗಳನ್ನು ಕಳಿಸಿ ಗಾಡಿ ಎಳೆದುಕೊಂಡು ಹೋಗುವುದು ಕಾನೂನಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಬ್ಯಾಂಕುಗಳಿಗೆ ಛೀಮಾರಿ ಹಾಕಿದೆ, ಆ ಮಾತೂ ನೆನಪಿರಲಿ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರಂತೆ ಶೋರೂಮು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ನೀವು ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದೊಳಗೆ ದೂರು ಕೊಡಬೇಕು. ಡೀಲರನ ವಕೀಲ ಎದ್ದು ನಿಂತು "ಇವರು ಟ್ರ್ಯಾಕ್ಟರ್ ಬಾಡಿಗೆ ಓಡಿಸುತ್ತಾರೆ, ವ್ಯಾಪಾರಕ್ಕೆ ಕೊಂಡವರು, ಗ್ರಾಹಕರೇ ಅಲ್ಲ" ಎನ್ನುತ್ತಾನೆ, ಖಂಡಿತ ಎನ್ನುತ್ತಾನೆ. ಸ್ವಂತ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡದ್ದು ವ್ಯಾಪಾರದ ಉದ್ದೇಶವಲ್ಲ ಎಂದು ಕಾಯ್ದೆಯಲ್ಲೇ ವಿವರಣೆ ಇದೆ. ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ: ನಾನು ಬೇಸಾಯಗಾರ, ನನ್ನ ಜಮೀನು ಇಷ್ಟು, ಸರ್ವೆ ನಂಬರ್ ಇಂಥದ್ದು, ನನ್ನ ಸ್ವಂತ ದುಡಿಮೆಗೆ ಈ ಟ್ರ್ಯಾಕ್ಟರ್ ಕೊಂಡೆ. ಜೊತೆಗೆ ಪಹಣಿ ಲಗತ್ತಿಸಿ. ಡೀಲರನನ್ನು ಒಂದನೇ ಎದುರುದಾರ ಮಾಡಿ, ತಯಾರಕ ಕಂಪನಿಯನ್ನೂ ಫೈನಾನ್ಸ್ ಕಂಪನಿಯನ್ನೂ ಅವರವರ ಪಾಲಿನ ತಪ್ಪು ಬರೆದು ಸೇರಿಸಿ. ಕೊಟೇಶನ್, ಬುಕಿಂಗ್ ರಸೀದಿ, ಇನ್‌ವಾಯ್ಸ್, 21ನೇ ನಮೂನೆ, ಸಾಲದ ಮುಖ್ಯ ಸಂಗತಿಗಳ ಪಟ್ಟಿ, ಕಂತಿನ ವೇಳಾಪಟ್ಟಿ, ಕರಪತ್ರ, ಸೇಲ್ಸ್ ಹುಡುಗ ಕಳಿಸಿದ ವಾಟ್ಸಾಪ್ ಮಾತುಗಳು, ಎಲ್ಲದರ ಪ್ರತಿ ಇಡಿ. ಹುಡುಗ ಬಾಯಲ್ಲಿ ಹೇಳಿದ ಯಾವ ಮಾತನ್ನೂ ಆಯೋಗದಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಅವನು ಹೇಳಿದ್ದನ್ನೆಲ್ಲ ಅವತ್ತೇ ಕೊಟೇಶನ್ನಿನ ಹಿಂದೆ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲು ಹಿಂದೆ ಸರಿದರೆ ನೀವೂ ಎದ್ದು ಬನ್ನಿ, ಮುಂದಿನ ಶೋರೂಮು ಅದೇ ರಸ್ತೆಯಲ್ಲಿದೆ.